ಡೇರಿ ಕಂಪ್ಯೂಟರ್ ಬೆಳಗ್ಗೆ ಆನ್ ಆಗದಿದ್ದರೆ



ಬೆಳಗ್ಗೆ ಆರೂವರೆ. ಕ್ಯಾನು ಹಿಡಿದವರ ಸಾಲು ಡೇರಿ ಬಾಗಿಲವರೆಗೂ ಬಂದಿದೆ. ಒಳಗೆ ಕಾರ್ಯದರ್ಶಿ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ, ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಹೊರಗೆ ಗೊಣಗಾಟ ಶುರು. ನಮ್ಮ ಅನೇಕ ಮಹಿಳಾ ಸಂಘಗಳಲ್ಲಿ ಹತ್ತು ವರ್ಷ ದಾಟಿದ ಕಂಪ್ಯೂಟರುಗಳೇ ಇನ್ನೂ ದುಡಿಯುತ್ತಿವೆ. ಅವು ಹೀಗೆ ಮುಷ್ಕರ ಹೂಡುವುದು ಹೊಸದಲ್ಲ.

ಮೊದಲ ಮಾತು, ಕಂಪ್ಯೂಟರಿಗಾಗಿ ಹಾಲು ಕಾಯಬಾರದು. ತೂಕದ ಯಂತ್ರಕ್ಕೂ ಹಾಲು ಪರೀಕ್ಷಾ ಯಂತ್ರಕ್ಕೂ ಬಹುತೇಕ ಕಡೆ ತಮ್ಮದೇ ಪರದೆ ಇರುತ್ತದೆ. ಅದರಲ್ಲಿ ಕಂಡ ಲೀಟರ್, ಜಿಡ್ಡು, ಎಸ್‌ಎನ್‌ಎಫ್ ಅಂಕಿಗಳನ್ನು ಸದಸ್ಯರ ಸಂಖ್ಯೆಯೊಂದಿಗೆ ಪುಸ್ತಕದಲ್ಲಿ ಬರೆದು, ಕೈಚೀಟಿ ಕೊಟ್ಟು ಕಳಿಸಿ. ಕಂಪ್ಯೂಟರಿಗೆ ಆಮೇಲೆ ಏರಿಸಬಹುದು. ಹಾಲು ಬೇಗ ಬಿಎಂಸಿ ಸೇರಿ 4 ಡಿಗ್ರಿಗೆ ತಣ್ಣಗಾಗಬೇಕು. ಕ್ಯಾನಿನಲ್ಲೇ ಬಿಸಿ ಹಿಡಿದು ಕೂತರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನಷ್ಟ ನಮ್ಮದೇ. ಕೈಚೀಟಿಯನ್ನು ಬಟವಾಡೆ ಆಗುವವರೆಗೆ ಜೋಪಾನ ಮಾಡಿ.

ಈಗ ಯಂತ್ರದ ಕಡೆ ಬರೋಣ. ಗುಂಡಿ ಒತ್ತಿದಾಗ ದೀಪವೂ ಹತ್ತುವುದಿಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದರೆ ಕರೆಂಟು ಒಳಗೆ ಹೋಗುತ್ತಿಲ್ಲ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅಲ್ಲಿ ಕರೆಂಟು ಇದ್ದರೆ ಮುಂದಿನ ಅನುಮಾನ ಯುಪಿಎಸ್ ಮೇಲೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಟ್ಟಾಗ ಕಂಪ್ಯೂಟರ್ ಎದ್ದರೆ, ಕೆಟ್ಟಿರುವುದು ಯುಪಿಎಸ್, ಕಂಪ್ಯೂಟರ್ ಅಲ್ಲ. ಡಬ್ಬದ ಹಿಂಭಾಗದಲ್ಲೂ ಒಂದು ಸಣ್ಣ ಸ್ವಿಚ್ ಇರುತ್ತದೆ, ಕಸ ಗುಡಿಸುವಾಗ ಪೊರಕೆ ತಾಗಿ ಅದು ಆರಿಹೋಗಿರಬಹುದು. ವೈರನ್ನು ಇಲಿ ಕಡಿದಿದೆಯೇ ನೋಡಿ. ಸುಟ್ಟ ವಾಸನೆ ಬಂದರೆ ಮಾತ್ರ ಮುಂದಿನ ಪ್ರಯೋಗ ಬೇಡ. ಮೇನ್ ಆರಿಸಿ ತಂತ್ರಜ್ಞರನ್ನು ಕರೆಸಿ. ವೈರು ಒಳಹೋಗುವ ಕಬ್ಬಿಣದ ಪೆಟ್ಟಿಗೆಯನ್ನು ನೀವು ಬಿಚ್ಚಲೇಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಫ್ಯಾನು ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಆಗ ಮಾನಿಟರಿನ ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕೂತಿದೆಯೇ ನೋಡಿ. ಅದು ಸರಿಯಿದ್ದು ಡಬ್ಬದೊಳಗಿಂದ ಬೀಪ್ ಬೀಪ್ ಸದ್ದು ಬರುತ್ತಿದ್ದರೆ ಬಹುಮಟ್ಟಿಗೆ ರ‍್ಯಾಮ್ ಪಟ್ಟಿಯದೇ ತೊಂದರೆ. ನೆಲ ತೊಳೆಯುವ, ಸದಾ ತೇವ ಇರುವ ಕೋಣೆ ನಮ್ಮದು. ರ‍್ಯಾಮಿನ ಚಿನ್ನದ ಬಣ್ಣದ ಅಂಚಿಗೆ ಕಿಲುಬು, ಧೂಳು ಕೂರುತ್ತದೆ. ಪ್ಲಗ್ ಕಿತ್ತು, ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಪಟ್ಟಿಯನ್ನು ಹೊರತೆಗೆದು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಅಂಚನ್ನು ಹಗುರವಾಗಿ ಉಜ್ಜಿ, ಮತ್ತೆ ಟಕ್ಕೆಂದು ಕೂರುವಂತೆ ಒತ್ತಬೇಕು. ಮೊದಲ ಸಲ ಗೊತ್ತಿದ್ದವರ ಎದುರಿಗೆ ಮಾಡಿ ಕಲಿಯುವುದು ಒಳ್ಳೆಯದು. ಕಷ್ಟದ ಕೆಲಸವೇನಲ್ಲ.

ಇನ್ನು ಎಲ್ಲರೂ ಕಡೆಗಣಿಸುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ದೋಷ. ಕಂಪ್ಯೂಟರ್ ಆನ್ ಆಗುತ್ತದೆ, ಆದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು, ಎಫ್1 ಒತ್ತಿ ಎಂದು ಕೇಳಿ ನಿಲ್ಲುತ್ತದೆ. ಒತ್ತಿದರೆ ಮುಂದೆ ಹೋಗುತ್ತದೆ. ದಿನಾ ಹಾಗೇ ಒತ್ತಿಕೊಂಡು ತಿಂಗಳುಗಟ್ಟಲೆ ನಡೆಸುವವರಿದ್ದಾರೆ. ಒಳಗಿರುವ ನಾಣ್ಯದಂಥ ಬ್ಯಾಟರಿ ಸತ್ತಿದೆ ಎಂದು ಅದು ಹೇಳುತ್ತಿರುವುದು ಇವರಿಗೆ ಗೊತ್ತಿರುವುದಿಲ್ಲ. ಕರೆಂಟು ಇಲ್ಲದಾಗ ತಾರೀಖು, ಸಮಯ ನೆನಪಿಡುವುದು ಆ ಬ್ಯಾಟರಿಯೇ. ಅದು ಸತ್ತರೆ, ರಾತ್ರಿ ಮೇನ್ ಆರಿಸಿ ಬೆಳಗ್ಗೆ ಹಾಕಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡಿರುತ್ತದೆ. ಆಗ ಅಳೆದ ಹಾಲು ಆ ಹಳೆಯ ತಾರೀಖಿಗೆ ಜಮೆಯಾಗಿಬಿಡಬಹುದು. ಬಟವಾಡೆ ಪಟ್ಟಿ ತೆಗೆದಾಗ ನಿಮ್ಮ ಒಂದು ಹೊತ್ತಿನ ಹಾಲೇ ಕಾಣೆ. ಸರ್ಕಾರದ ಪ್ರೋತ್ಸಾಹಧನವೂ ಇದೇ ಲೆಕ್ಕದ ಮೇಲೆ ಬರುವಂಥದ್ದು. ತಾರೀಖು ತಪ್ಪಿದ್ದರೆ ಒಕ್ಕೂಟಕ್ಕೆ ಮಾಹಿತಿ ಕಳಿಸಲು ಇಂಟರ್ನೆಟ್ ಕೂಡ ಸಂಪರ್ಕ ಕೊಡದೆ ತಕರಾರು ಮಾಡುತ್ತದೆ.

ಈ ಬ್ಯಾಟರಿಯ ಹೆಸರು ಸಿಆರ್ 2032, 3 ವೋಲ್ಟಿನದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಒಂದೆರಡು ಲೀಟರ್ ಹಾಲಿನಷ್ಟು. ಬರೆದಿರುವ ಮುಖ ಮೇಲಕ್ಕಿರುವಂತೆ ಕೂರಿಸಿ, ತಾರೀಖು ಸರಿಮಾಡಿದರೆ ಮುಗಿಯಿತು. ಸಾಲಿನಲ್ಲಿ ನಿಂತ ನೀವೂ ಒಂದು ಕೆಲಸ ಮಾಡಬೇಕು, ಚೀಟಿ ಕೈಗೆ ಬಂದ ಕೂಡಲೇ ಜಿಡ್ಡು ಎಷ್ಟು ಎಂದು ನೋಡುವಂತೆ ತಾರೀಖನ್ನೂ ನೋಡಿ.

ಪರದೆ ಬಂದು, ವಿಂಡೋಸ್ ಮಾತ್ರ ತೆರೆಯದಿದ್ದರೆ ಯಾರೋ ಪೆನ್‌ಡ್ರೈವ್ ಚುಚ್ಚಿ ಮರೆತಿದ್ದಾರೆಯೇ ನೋಡಿ, ತೆಗೆದು ಮತ್ತೆ ಆನ್ ಮಾಡಿ. ಆಗಲೂ ತೆರೆಯದೆ ಒಳಗಿಂದ ಟಿಕ್ ಟಿಕ್ ಸದ್ದು ಬಂದರೆ ಹಾರ್ಡ್‌ಡಿಸ್ಕ್ ಕೈಕೊಡುತ್ತಿದೆ ಎಂದರ್ಥ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಉಳಿದ ಲೆಕ್ಕಕ್ಕೆ ಅಪಾಯ, ಆರಿಸಿಬಿಡಿ. ರಿಪೇರಿಗೆ ಬಂದವರು "ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡ್ತೀನಿ" ಎಂದರೆ ಕೂಡಲೇ ಒಪ್ಪಬೇಡಿ. "ಮೊದಲು ನಮ್ಮ ಹಾಲಿನ ಲೆಕ್ಕ ಬೇರೆ ಕಡೆ ತೆಗೆದಿಟ್ಟು ತೋರಿಸಿ, ಆಮೇಲೆ ನಿಮ್ಮ ಕೆಲಸ" ಎನ್ನಿ. ಹೀಗೆ ಕೇಳದೆ ಹೋಗಿ, ಹದಿನೈದು ದಿನದ ಲೆಕ್ಕವನ್ನು ಸದಸ್ಯರ ಚೀಟಿಗಳಿಂದ ಮತ್ತೆ ಕೂಡಿಸಿಕೊಂಡ ಒಂದು ಸಂಘವನ್ನು ನಾನು ಕಂಡಿದ್ದೇನೆ. ಚೀಟಿ ಎಸೆದವರಿಗೆ ಕೊನೆಗೆ ಅಂದಾಜಿನ ಮೇಲೆ ಹಣ ಕೊಡಬೇಕಾಯಿತು, ಜಗಳವೂ ಆಯಿತು.

ಪ್ರತಿ ಹೊತ್ತಿನ ಹಾಲು ಮುಗಿದ ಮೇಲೆ ಆ ಹೊತ್ತಿನ ಪಟ್ಟಿಯನ್ನು ಮುದ್ರಿಸಿ ಕಡತಕ್ಕೆ ಹಾಕುವುದು, ವಾರಕ್ಕೊಮ್ಮೆಯಾದರೂ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಡೇರಿಯ ಹೊರಗೆ, ಅಧ್ಯಕ್ಷೆಯ ಮನೆಯಲ್ಲಿ ಇಡುವುದು, ಇವೆರಡನ್ನೂ ಮುಂದಿನ ಆಡಳಿತ ಮಂಡಳಿ ಸಭೆಯಲ್ಲೇ ತೀರ್ಮಾನ ಮಾಡಿಕೊಳ್ಳಿ. ಯುಪಿಎಸ್ ಬ್ಯಾಟರಿ, ನಾಣ್ಯದ ಬ್ಯಾಟರಿ ಯಾವಾಗ ಹಾಕಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬದ ಮೇಲೇ ಅಂಟಿಸಿ.