ವಿಕಿಪೀಡಿಯಕ್ಕೆ ಧರ್ಮದರ್ಶಿಗಳಾಗುವುದು

ನಮ್ಮ ಕಡೆ ‘ಧರ್ಮದರ್ಶಿ’ ಎಂದೊಡನೆ ಕಣ್ಣಿಗೆ ಕಟ್ಟುವುದು ರಥೋತ್ಸವದ ದಿನ ತೇರಿನ ಮುಂದೆ ಹಾರ ಹಾಕಿಕೊಂಡು ನಿಂತಿರುವ ಹಿರಿಯರ ಚಿತ್ರ. ದೇವಾಲಯದ ಲೆಕ್ಕಪತ್ರ ನೋಡುವುದು, ಹುಂಡಿ ಎಣಿಸುವಾಗ ಎದುರಿಗಿರುವುದು, ಪರಿಚಾರಕರ ಸಂಬಳಕ್ಕೆ ಏರ್ಪಾಡು ಮಾಡುವುದು ಅವರ ಕೆಲಸ. ಮಂತ್ರ ಹೇಳುವುದು ಅವರ ಕೆಲಸವಲ್ಲ. ನಾನು ಇಲ್ಲಿ ಹೇಳಹೊರಟಿರುವುದು ದೇವಾಲಯವಲ್ಲದ ಒಂದು ಸಂಸ್ಥೆಯ ಧರ್ಮದರ್ಶಿಗಳ ವಿಚಾರ. ಆ ಸಂಸ್ಥೆಯ ಹೆಸರು ವಿಕಿಮೀಡಿಯ ಪ್ರತಿಷ್ಠಾನ. ಪ್ರಬಂಧ ಬರೆಯಲು ಕುಳಿತಾಗ ನಾವೆಲ್ಲರೂ, ಅಧ್ಯಾಪಕರ ಕಣ್ಣು ತಪ್ಪಿಸಿ, ಮೊಬೈಲಿನಲ್ಲಿ ನೋಡುವ ವಿಕಿಪೀಡಿಯವನ್ನು ನಡೆಸುವವರು ಅವರೇ.

ಈ ವಿಷಯ ನನ್ನ ತಲೆಗೆ ಹೊಕ್ಕಿದ ಬಗೆಯನ್ನು ಮೊದಲು ಹೇಳಬೇಕು. ಕಳೆದ ವರ್ಷ ಕನ್ನಡ ವಿಕಿಪೀಡಿಯಕ್ಕೆ ಬರೆಯುವುದನ್ನು ಕಲಿಸುವ ಎರಡು ದಿನದ ಶಿಬಿರಕ್ಕೆ ನಾನು ಹೋಗಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ಧರ್ಮದರ್ಶಿ ಮಂಡಲಿಯ ಚುನಾವಣೆಯ ಪ್ರಸ್ತಾಪ ಬಂದಾಗ, “ಮುಂದೆ ಒಂದು ಸಲ ನೀನೇ ನಿಲ್ಲಬಹುದಲ್ಲಮ್ಮ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ನಿಯಮಗಳನ್ನು ತೆರೆದು ಓದಿದೆ. ಹದಿನೆಂಟು ತುಂಬಿರಬೇಕು, ನಿಜನಾಮಧೇಯವನ್ನು ತಿಳಿಸಬೇಕು, ಗುರುತಿನ ದಾಖಲೆ ಒಪ್ಪಿಸಬೇಕು, ವಂಚನೆಯಂಥ ಅಪರಾಧಕ್ಕೆ ಶಿಕ್ಷೆಯಾಗಿರಬಾರದು. ಇಪ್ಪತ್ತು ವರ್ಷದ, ಮನೆಯಲ್ಲಿ ಮೊದಲ ಸಲ ಪದವಿಯ ಮೆಟ್ಟಿಲು ಹತ್ತಿದ ಹುಡುಗಿ ನಿಲ್ಲಕೂಡದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆದಿಲ್ಲದ ಅಡ್ಡಿಗಳು ಯಾವುವೆಂಬುದು ತಿಳಿದದ್ದು ಆಮೇಲೆ.

ವಿಕಿಪೀಡಿಯ ಆರಂಭವಾದುದು 2001ರ ಜನವರಿ 15ರಂದು. ಅದರ ಆಡಳಿತಕ್ಕೆಂದು ಜಿಮ್ಮಿ ವೇಲ್ಸ್ ಅವರು 2003ರ ಜೂನ್ ತಿಂಗಳಲ್ಲಿ ಅಮೆರಿಕದ ಫ್ಲಾರಿಡದಲ್ಲಿ ಲಾಭಾಪೇಕ್ಷೆಯಿಲ್ಲದ ಈ ಪ್ರತಿಷ್ಠಾನವನ್ನು ಸ್ಥಾಪಿಸಿದರು. ನಮ್ಮ ಕನ್ನಡ ವಿಕಿಪೀಡಿಯ ಹುಟ್ಟಿದುದೂ 2003ರಲ್ಲಿಯೇ. ಮೊದಲ ಮಂಡಲಿಯಲ್ಲಿದ್ದವರು ಮೂವರೇ: ವೇಲ್ಸ್ ಮತ್ತು ಅವರ ವ್ಯವಹಾರದ ಇಬ್ಬರು ಜೊತೆಗಾರರು. ಮರುವರ್ಷ, 2004ರಲ್ಲಿ, ಬರೆಯುವವರ ಪ್ರತಿನಿಧಿಗಳೂ ಇರಬೇಕೆಂದು ಚುನಾವಣೆ ನಡೆಯಿತು. ಆಗ ಗೆದ್ದವರು ಇಬ್ಬರೂ ಮಹಿಳೆಯರು: ಇಂಗ್ಲೆಂಡಿನ ಆಂಜೆಲಾ ಬೀಸ್ಲಿ ಮತ್ತು ಫ್ರಾನ್ಸಿನ ಫ್ಲಾರೆನ್ಸ್ ದೆವುವಾರ್. ಎರಡನೆಯವರು 2006ರಲ್ಲಿ ವೇಲ್ಸ್ ಅವರ ತರುವಾಯ ಮಂಡಲಿಯ ಅಧ್ಯಕ್ಷರೂ ಆದರು. ಈ ಸಂಗತಿ ಓದಿದ ಮೇಲೆ ಶಿಬಿರದಲ್ಲಿ ನಗಬಾರದಿತ್ತು ಎನ್ನಿಸಿತು.

2020ರಲ್ಲಿ ತಿದ್ದಿದ ನಿಯಮದಂತೆ ಮಂಡಲಿಯಲ್ಲಿ ಹದಿನಾರು ಸ್ಥಾನಗಳವರೆಗೆ ಇರಬಹುದು. ಎಂಟು ಸ್ಥಾನಗಳಿಗೆ ವಿಕಿಗಳಲ್ಲಿ ದುಡಿಯುವ ಸಮುದಾಯವೂ ಅದಕ್ಕೆ ಸೇರಿದ ಸಂಘಗಳೂ ಆರಿಸುತ್ತವೆ, ಏಳು ಸ್ಥಾನಗಳಿಗೆ ಹಣಕಾಸು, ಕಾನೂನು ಮುಂತಾದವುಗಳನ್ನು ಬಲ್ಲವರನ್ನು ಮಂಡಲಿಯೇ ನೇಮಿಸಿಕೊಳ್ಳುತ್ತದೆ, ಒಂದು ಸ್ಥಾಪಕರದು. ಅವಧಿ ಮೂರು ವರ್ಷ. ಸಂಬಳವಿಲ್ಲ, ಪ್ರಯಾಣದ ವೆಚ್ಚ ಮಾತ್ರ ಉಂಟು.

ಹಾಗಾದರೆ ಅಲ್ಲಿ ಕುಳಿತವರು ಮಾಡುವುದಾದರೂ ಏನು? ನಾನು ತಪ್ಪು ತಿಳಿದಿದ್ದುದು ಇಲ್ಲಿಯೇ. ನನ್ನ ಸಹಪಾಠಿಗಳಲ್ಲಿಯೂ ಹಲವರು ಹಾಗೆಯೇ ತಿಳಿದಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಾನು ಮೊದಲು ಬರೆದುದು ನಮ್ಮೂರಿನ ಕೆರೆಯ ವಿಷಯ. ‘ಈ ಕೆರೆಯನ್ನು ಪಾಳೆಯಗಾರರು ಕಟ್ಟಿಸಿದರು’ ಎಂದು ಬರೆದೆ. ಒಂದು ಗಂಟೆ ಕಳೆಯುವುದರೊಳಗೆ ಯಾರೋ ಆ ವಾಕ್ಯವನ್ನು ಅಳಿಸಿ, ‘ಆಧಾರ ಬೇಕು’ ಎಂದು ಗುರುತು ಹಾಕಿದ್ದರು. ಆಧಾರ ನಮ್ಮಜ್ಜಿ; ಆಕೆ ಹೇಳಿದ್ದನ್ನು ಊರಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ನನಗೆ ಬಹಳ ಸಿಟ್ಟು ಬಂತು. ಮೇಲಿನವರಿಗೆ ದೂರು ಕೊಡೋಣವೆಂದು ಹುಡುಕಿದಾಗ ತಿಳಿಯಿತು, ಮೇಲೆ ಅಂಥವರು ಯಾರೂ ಇಲ್ಲವೆಂದು. ಧರ್ಮದರ್ಶಿ ಮಂಡಲಿ ಯಾವ ಲೇಖನದ ಯಾವ ಸಾಲನ್ನೂ ಬರೆಯುವುದಿಲ್ಲ, ಅಳಿಸುವುದಿಲ್ಲ; ಬರೆದವರಿಬ್ಬರ ಜಗಳದಲ್ಲಿ ತೀರ್ಪು ಕೊಡುವುದಿಲ್ಲ. ಅದು ಆಯಾ ಭಾಷೆಯಲ್ಲಿ ಬರೆಯುವವರ ನಡುವೆಯೇ ತೀರಬೇಕಾದ ವ್ಯವಹಾರ. ಕೊನೆಗೆ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟ, ಎಂದರೆ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟ, ತೆಗೆಸಿ ನೋಡಿದೆ. ಕೆರೆಯ ಹೆಸರು ಅಲ್ಲಿತ್ತು, ಪಾಳೆಯಗಾರರಿಗಿಂತ ಹಿಂದಿನ ಕಾಲದ ಶಾಸನದಲ್ಲಿ. ಅಜ್ಜಿಗೆ ಇನ್ನೂ ಹೇಳಿಲ್ಲ.

ಮಂಡಲಿಯ ಕೈಯಲ್ಲಿರುವುದು ಬೇರೆ. ಪ್ರತಿಷ್ಠಾನದ ಮುಖ್ಯ ಕಾರ್ಯನಿರ್ವಾಹಕರನ್ನು ಆರಿಸುವುದು, ವಾರ್ಷಿಕ ಯೋಜನೆಗೂ ಆಯವ್ಯಯಕ್ಕೂ ಒಪ್ಪಿಗೆ ಕೊಡುವುದು, ಎಲ್ಲರಿಗೂ ಅನ್ವಯಿಸುವ ನೀತಿಗಳನ್ನು ಅಂಗೀಕರಿಸುವುದು. ಆಯವ್ಯಯವೆಂದರೆ ನಮ್ಮ ವಿದ್ಯಾರ್ಥಿ ಸಂಘದ್ದಲ್ಲ: 2023–24ರಲ್ಲಿ ಪ್ರತಿಷ್ಠಾನ ವೆಚ್ಚ ಮಾಡಿದುದು 17 ಕೋಟಿ ಡಾಲರುಗಳಿಗೂ ಹೆಚ್ಚು. ಅದರ ಬಹುಭಾಗ ಓದುಗರು ಕೊಟ್ಟ ಸಣ್ಣಪುಟ್ಟ ದೇಣಿಗೆಯಿಂದ ಬಂದುದು. ಮುನ್ನೂರಕ್ಕೂ ಮೀರಿದ ಭಾಷೆಗಳ ವಿಕಿಪೀಡಿಯಗಳಿಗೆ ಈ ಹಣದಿಂದ ಯಾವ ಅನುಕೂಲ ಆಗಬೇಕು, ಕನ್ನಡವನ್ನು ಮೊಬೈಲಿನಲ್ಲಿ ಬರೆಯುವವರ ತೊಡಕಿಗೆ ಎಷ್ಟು ಗಮನ ಸಲ್ಲಬೇಕು ಎಂಬುದೆಲ್ಲ ಆ ಯೋಜನೆಯಿಂದಲೇ ನಿರ್ಣಯವಾಗುವುದು. 2024ರಲ್ಲಿ ಎ. ಎನ್. ಐ. ವಾರ್ತಾಸಂಸ್ಥೆಯು ತನ್ನ ವಿಷಯವಾಗಿ ಇಂಗ್ಲಿಷ್ ವಿಕಿಪೀಡಿಯದಲ್ಲಿದ್ದ ಬರಹ ಮಾನಹಾನಿಕರವೆಂದು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ, ಅದನ್ನು ತಿದ್ದಿದ ಮೂವರ ವಿವರವನ್ನು ಒಪ್ಪಿಸಬೇಕೆಂದು ನ್ಯಾಯಾಲಯ ಪ್ರತಿಷ್ಠಾನಕ್ಕೆ ಆಜ್ಞೆ ಮಾಡಿತು. ಬರೆಯುವವರ ಹೆಸರನ್ನು ಕಾಪಾಡುವ ನೀತಿ ಎಂಥದಿರಬೇಕು ಎಂಬ ಪ್ರಶ್ನೆಗೆ ಕಟ್ಟಕಡೆಯ ಹೊಣೆ ಧರ್ಮದರ್ಶಿಗಳದೇ. ಆ ಮೇಜಿನ ಸುತ್ತ ನಮ್ಮ ನಾಡಿನ ಸ್ಥಿತಿಗತಿ ಬಲ್ಲವರೊಬ್ಬರು ಇದ್ದಾರೆಯೋ ಇಲ್ಲವೋ ಎಂಬುದು ನನಗಂತೂ ಸಣ್ಣ ಮಾತೆನಿಸುವುದಿಲ್ಲ.

ಇನ್ನು ಚುನಾವಣೆಯ ಪದ್ಧತಿ. ಓಟು ಹಾಕಲು ಯಾವ ವಿಕಿಯಲ್ಲಾದರೂ ಸರಿ, ಒಟ್ಟು 300 ತಿದ್ದುಗೆಗಳನ್ನು ಮಾಡಿರಬೇಕು. ಅದರ ಮೇಲೆ ಕಡೆಯ ಆರು ತಿಂಗಳಲ್ಲಿ 20 ಇರಬೇಕು. ಹಿಂದೆ ಪ್ರತಿಯೊಬ್ಬ ಅಭ್ಯರ್ಥಿಯ ಹೆಸರಿನ ಮುಂದೆಯೂ ‘ಬೇಕು’, ‘ಬೇಡ’, ‘ತಟಸ್ಥ’ ಎಂದು ಗುರುತು ಮಾಡುವ ಕ್ರಮವಿತ್ತು. 2015ರಲ್ಲಿ ಈ ಕ್ರಮದಿಂದ ಒಂದು ವಿಶೇಷ ನಡೆಯಿತು: ಮರುಚುನಾವಣೆಗೆ ನಿಂತಿದ್ದ ಮೂವರು ಹಳೆಯ ಸದಸ್ಯರೂ ಸೋತು ಮೂವರು ಹೊಸಬರು ಬಂದರು. ಹಳಬರನ್ನು ಜನ ಬಲ್ಲರು. ಬಲ್ಲುದರಿಂದಲೇ ಅವರಿಗೆ ‘ಬೇಡ’ ಎನ್ನುವವರೂ ಇರುತ್ತಾರೆ. ಹೊಸಬರ ಮುಂದೆ ‘ತಟಸ್ಥ’ ಎಂದು ಬಿಟ್ಟುಬಿಡುವುದು ಸುಲಭ.

2021ರಿಂದ ಬಂದ ಪದ್ಧತಿ ನಮ್ಮ ಅಧ್ಯಾಪಕರಿಗೆ ಚೆನ್ನಾಗಿ ಪರಿಚಿತವಾದುದು. ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರದಿಂದ ಓಟು ಹಾಕುವಾಗ ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯವನ್ನು ಬರೆಯುತ್ತಾರಲ್ಲವೆ, ಅದೇ ಏಕ ವರ್ಗಾವಣೀಯ ಮತ. ಪದವಿ ದೊರೆತು ಮೂರು ವರ್ಷವಾದ ಮೇಲೆ ನಾವೂ ಪದವೀಧರ ಕ್ಷೇತ್ರದಲ್ಲಿ ಹೀಗೆಯೇ ಬರೆಯಬೇಕಾಗುವುದರಿಂದ ಈಗಲೇ ತಿಳಿದಿರುವುದು ಒಳ್ಳೆಯದು. ನೂರು ಮತದಾರರು, ನಾಲ್ಕು ಸ್ಥಾನಗಳು ಎಂದಿಟ್ಟುಕೊಳ್ಳೋಣ. 21 ಮತ ಬಂದವರು ಗೆದ್ದಂತೆ. ಏಕೆಂದರೆ ಐವರಿಗೆ ಇಪ್ಪತ್ತೊಂದರಂತೆ ಬೀಳಲು ನೂರು ಮತ ಸಾಲದು. ಒಬ್ಬರಿಗೆ 30 ಬಂದರೆ, ಹೆಚ್ಚಾದ 9 ಮತಗಳ ಬೆಲೆ ಪೋಲಾಗದೆ ಆ ಮತದಾರರ ಎರಡನೆಯ ಪ್ರಾಶಸ್ತ್ಯಕ್ಕೆ ಹರಿದುಹೋಗುತ್ತದೆ. ಯಾರಿಗೂ 21 ಬಾರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ತೆಗೆದು ಅವರ ಮತಗಳನ್ನು ಮುಂದಿನ ಹೆಸರಿಗೆ ಕೊಡುತ್ತಾರೆ. ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋದಂತೆ.

2021ರ ಚುನಾವಣೆಯಲ್ಲಿ ನಾಲ್ಕು ಸ್ಥಾನಗಳಿದ್ದುವು. ಓಟು ಹಾಕಿದವರು ಜಗತ್ತಿನಲ್ಲೆಲ್ಲಾ ಸೇರಿ 6,873 ಜನ, ಎಂದರೆ ಅರ್ಹರಾದವರಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಬ್ಬರು. ಐದರಲ್ಲಿ ಒಂದು ಭಾಗವೆಂದರೆ ಸುಮಾರು 1,375. ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆಯಾದರೂ, ಅದಕ್ಕೆ ನಿರಂತರವಾಗಿ ದುಡಿಯುವವರ ಗುಂಪು ಬಹಳ ಚಿಕ್ಕದು. ಅವರೆಲ್ಲರೂ ತಪ್ಪದೆ ಓಟು ಹಾಕಿದರೂ ಈ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಆದುದರಿಂದ ಕನ್ನಡದ ಅಭ್ಯರ್ಥಿ ಗೆಲ್ಲಬೇಕಾದರೆ ತೆಲುಗು, ತಮಿಳು, ಮಲಯಾಳ, ಬಂಗಾಳಿಯವರೂ, ಅಷ್ಟೇ ಏಕೆ, ಜರ್ಮನರೂ ಬ್ರೆಜಿಲಿನವರೂ ತಮ್ಮವರ ಹೆಸರಿನ ಕೆಳಗೆ ‘2’ ಎಂದು ನಮ್ಮ ಹೆಸರನ್ನು ಬರೆಯಬೇಕು. ಎರಡನೆಯ ಪ್ರಾಶಸ್ತ್ಯ ದೊರೆಯುವುದು ದ್ವೇಷ ಕಟ್ಟಿಕೊಳ್ಳದವರಿಗೆ, ಹಲವರಿಗೆ ಹಲವು ಕಾಲದಿಂದ ಕೆಲಸದ ಮೂಲಕ ಗೊತ್ತಿದ್ದವರಿಗೆ. ಪೋಸ್ಟರು ಅಂಟಿಸಿ ವಾರದೊಳಗೆ ಗಳಿಸುವಂಥದಲ್ಲ ಅದು. (ನಮ್ಮ ಕಾಲೇಜಿನ ಚುನಾವಣೆಯ ಮೇಲೆ ಟೀಕೆಯೆಂದು ದಯವಿಟ್ಟು ತಿಳಿಯಬಾರದು.) ಆ ವರ್ಷ ನಮ್ಮ ದೇಶದಿಂದಲೂ ಅಭ್ಯರ್ಥಿಗಳು ನಿಂತಿದ್ದರು, ಗೆದ್ದ ನಾಲ್ವರಲ್ಲಿ ಅವರಾರೂ ಇರಲಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ಮುಂಬಯಿಯ ಬಿಶಾಖಾ ದತ್ತ ಅವರು ಮಂಡಲಿಗೆ ಸೇರಿದ್ದುಂಟು. ಆದರೆ ಅದು ನೇಮಕದಿಂದ, ಚುನಾವಣೆಯಿಂದಲ್ಲ.

2022ರಲ್ಲಿ ಒಂದು ಮಾರ್ಪಾಟು ಮಾಡಿದರು. ಮೊದಲು ಮಾನ್ಯತೆ ಪಡೆದ ಸಂಘಗಳು ಹನ್ನೆರಡು ಅಭ್ಯರ್ಥಿಗಳಿಂದ ಆರು ಮಂದಿಯನ್ನು ಆಯ್ದವು. ಆಮೇಲೆ ಎಲ್ಲ ಮತದಾರರೂ ಅವರಿಂದ ಇಬ್ಬರನ್ನು ಆರಿಸಿದರು. ಸಂಘ ದೊಡ್ಡದಾಗಲಿ ಚಿಕ್ಕದಾಗಲಿ ಒಂದಕ್ಕೆ ಒಂದೇ ಮತ. ನೂರಾರು ನೌಕರರಿರುವ ಜರ್ಮನಿಯ ಸಂಘಕ್ಕೂ ಒಂದು, ಹತ್ತಾರು ಜನ ರಜಾದಿನ ಸೇರುವ ಬಳಗಕ್ಕೂ ಒಂದು. ಚಿಕ್ಕ ಭಾಷೆಯವರಿಗೆ ಇದು ಅನುಕೂಲವೆಂದು ನನ್ನ ಭಾವನೆ. ಆದರೆ ಸಾಮಾನ್ಯ ಮತದಾರರ ಆಯ್ಕೆ ಮೊದಲೇ ಮೊಟಕಾಗುತ್ತದೆಂಬ ಆಕ್ಷೇಪಣೆಯೂ ಇತ್ತು, ಅದೂ ನ್ಯಾಯವೇ.

ಗೆದ್ದರೆ ಮುಗಿಯಿತೆಂದು ತಿಳಿಯಬಾರದು. ನಿಯಮದ ಅಕ್ಷರ ನೋಡಿದರೆ ಮತದಾರರು ಆರಿಸಿದವರನ್ನು ಮಂಡಲಿ ‘ನೇಮಿಸಬೇಕು’. ಬೇಡವಾದಾಗ ಮಂಡಲಿಯೇ ಬಹುಮತದಿಂದ ಸದಸ್ಯರನ್ನು ತೆಗೆಯಲೂಬಹುದು. ಕೆನಡಾದ ವೈದ್ಯರಾದ ಜೇಮ್ಸ್ ಹೈಲ್‌ಮನ್ ಅವರು 2015ರಲ್ಲಿ ಗೆದ್ದು ಬಂದವರು. ಅದೇ ವರ್ಷ ಡಿಸೆಂಬರ್ 28ರಂದು ಅವರನ್ನು ಮಂಡಲಿ ತೆಗೆದುಹಾಕಿತು. ಪರಸ್ಪರ ವಿಶ್ವಾಸ ಉಳಿದಿಲ್ಲವೆಂದು ಮಂಡಲಿ ಹೇಳಿತು. ವ್ಯವಹಾರಗಳು ಬಹಿರಂಗವಾಗಿರಬೇಕೆಂದು ತಾವು ಕೇಳಿದ್ದೇ ಕಾರಣವೆಂದು ಅವರು ಹೇಳಿದರು. 2017ರಲ್ಲಿ ಅವರು ಪುನಃ ನಿಂತರು. ಮತದಾರರು ಪುನಃ ಆರಿಸಿ ಕಳುಹಿಸಿದರು.

ಈ ಎಲ್ಲ ವಿಷಯವನ್ನು ಒಂದು ಭಾನುವಾರ ಮನೆಯಲ್ಲಿ ಹೇಳಿದೆ. ನಮ್ಮ ತಂದೆ ಶೇಂಗಾ ಮಾರುಕಟ್ಟೆಯಲ್ಲಿ ಹಮಾಲರು. ಊಟ ಮಾಡುತ್ತಾ ಎಲ್ಲವನ್ನೂ ಕೇಳಿ, “ಸಂಬಳ ಎಷ್ಟು ಕೊಡ್ತಾರೆ ಕಣವ್ವಾ?” ಎಂದರು.

“ಸಂಬಳ ಇಲ್ಲ ಕಣಪ್ಪಾ.”

“ಹಂಗಾದ್ರೆ ಮೀಟಿಂಗಿನ ದಿನದ ಕೂಲಿ?”

ಅವರು ಹಮಾಲರ ಸಂಘದ ಕಮಿಟಿಯಲ್ಲಿ ಒಂದು ವರ್ಷ ಇದ್ದವರು. ಸಭೆಯ ದಿನ ಮೂಟೆ ಹೊರಲು ಹೋಗದಿದ್ದರೆ ಆ ದಿನದ ದುಡ್ಡಿಲ್ಲ. ಆದ್ದರಿಂದ ಎರಡನೆಯ ವರ್ಷ ಅವರು ಬೇಡವೆಂದರು, ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ಆ ಸ್ಥಾನಕ್ಕೆ ಬಂದರು. ನಿಯಮದಲ್ಲಿ ಬರೆದಿಲ್ಲದ ಅಡ್ಡಿ ಎಂದೆನಲ್ಲ, ಅದು ಇದೇ. ಮೂರು ವರ್ಷ ಸಂಬಳವಿಲ್ಲದೆ, ಭೂಮಿಯ ಆಚೆಯ ಬದಿಯವರಿಗೆ ಹೊಂದುವ ವೇಳೆಯಲ್ಲಿ ಸಭೆಗೆ ಕುಳಿತು, ನೂರಾರು ಪುಟಗಳ ಇಂಗ್ಲಿಷ್ ಕಾಗದಗಳನ್ನು ಓದಿ ಅಭಿಪ್ರಾಯ ಹೇಳಬೇಕು. ಡಿಗ್ರಿ ಮುಗಿದ ಮಾರನೆಯ ದಿನದಿಂದಲೇ ಮನೆಗೆ ಸಂಪಾದನೆ ತರಬೇಕಾದವರಿಗೆ ಇದು ಹೇಗೆ ಸಾಧ್ಯ? ಅಭ್ಯರ್ಥಿಗಳ ಹೇಳಿಕೆಗಳನ್ನು ಹಲವು ಭಾಷೆಗಳಿಗೆ ಅನುವಾದಿಸುವ ಸ್ವಯಂಸೇವಕರಿದ್ದಾರೆ, ನಿಜ. ಆದರೆ ಮಂಡಲಿಯೊಳಗೆ ಕುಳಿತ ಮೇಲೆ ಅನುವಾದಕರು ಪಕ್ಕದಲ್ಲಿರುವುದಿಲ್ಲ. ಹೆಸರಿನ ಮಾತೂ ಇದೆ. ನಾನು ಈಗ ಬರೆಯುವುದು ಗುಪ್ತನಾಮದಿಂದ. ನಿಂತರೆ ನನ್ನ ಹೆಸರೂ ಊರೂ ಲೋಕಕ್ಕೆಲ್ಲ ತಿಳಿಯುತ್ತವೆ. ಅಣ್ಣನಿಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಅವನು ಹೇಳುವುದರಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ.

ಹೀಗಿದ್ದರೂ ನನಗೆ ಈ ಯೋಚನೆ ಬಿಟ್ಟಿಲ್ಲ. ಸಭೆಗೆ ಬರುವ ಸದಸ್ಯರಿಗೆ ಆ ವೇಳೆಯ ನಷ್ಟವನ್ನು ಭರ್ತಿಮಾಡಿಕೊಡಬೇಕೆಂದು ಕೇಳುವ ಮೊದಲ ಅಭ್ಯರ್ಥಿ ಎಲ್ಲಿಂದ ಬರುತ್ತಾರೋ ಗೊತ್ತಿಲ್ಲ. ಆದರೆ ಅದನ್ನು ಕೇಳಬೇಕಾದವರು ಹಮಾಲರ ಮನೆಯವರೇ ಹೊರತು ವಕೀಲರ ಮನೆಯವರಲ್ಲ.

ಸದ್ಯಕ್ಕೆ ನಾನು ಓಟು ಹಾಕಲೂ ಅರ್ಹಳಲ್ಲ. ಈ ಲೇಖನ ಸಂಪಾದಕರ ಕೈಸೇರುವ ಹೊತ್ತಿಗೆ ನನ್ನ ಲೆಕ್ಕದಲ್ಲಿರುವುದು 212 ತಿದ್ದುಗೆಗಳು. ಉಳಿದ 88ರಲ್ಲಿ ಹತ್ತು ಹದಿನೈದಾದರೂ ಕೆರೆಯ ಲೇಖನಕ್ಕೇ ಬೇಕಾದೀತು. ತೂಬಿನ ಕಲ್ಲಿನ ಮೇಲೆ ಇನ್ನೊಂದು ಬರಹ ಇದೆಯೆಂದು ಅಪ್ಪ ಹೇಳುತ್ತಿದ್ದಾರೆ, ಪರೀಕ್ಷೆ ಮುಗಿದ ಮೇಲೆ ಹೋಗಿ ನೋಡಬೇಕು.