ಡೈಮಂಡ್ ಸಂಸ್ಥೆಯ ದಿವಾಳಿ: ಗೋದಾಮಿನಲ್ಲಿರುವ ಸರಕು ಯಾರದು?

2025ರ ಜನವರಿ 14ರಂದು ಅಮೆರಿಕದ ಡೈಮಂಡ್ ಕಾಮಿಕ್ ಡಿಸ್ಟ್ರಿಬ್ಯೂಟರ್ಸ್ ಎಂಬ ಸಗಟು ವಿತರಣಾ ಸಂಸ್ಥೆಯು ಮೇರಿಲ್ಯಾಂಡ್ ರಾಜ್ಯದ ದಿವಾಳಿ ನ್ಯಾಯಾಲಯದಲ್ಲಿ ರಕ್ಷಣೆ ಕೋರಿ ಅರ್ಜಿ ಸಲ್ಲಿಸಿತು. ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೊದಲಾದ ಹೆಸರುಗಳನ್ನು ಬಲ್ಲ ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಸಂಸ್ಥೆಯ ಹೆಸರನ್ನು ಕೇಳಿರಲಾರರು. ಆದರೆ ಎರಡು ದಶಕಗಳಿಗೂ ಮಿಗಿಲಾದ ಕಾಲ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ಹೊಸ ಸಂಚಿಕೆಗಳು ಬಹುಮಟ್ಟಿಗೆ ಈ ಒಂದೇ ಬಾಗಿಲಿನಿಂದ ಹೋಗುತ್ತಿದ್ದವು.

ಈ ವ್ಯಾಪಾರದ ಕಟ್ಟಳೆ ಸ್ವಲ್ಪ ವಿಶಿಷ್ಟವಾದುದು. ಮೊದಲು ಕಾಮಿಕ್ಸ್ ಪುಸ್ತಕಗಳು ದಿನಪತ್ರಿಕೆಗಳ ಮಳಿಗೆಗಳಲ್ಲಿ ಮಾರಾಟವಾಗುತ್ತಿದ್ದವು; ಉಳಿದ ಪ್ರತಿಗಳು ಪ್ರಕಾಶಕರಿಗೆ ವಾಪಸಾಗುತ್ತಿದ್ದವು. 1970ರ ದಶಕದಲ್ಲಿ ನ್ಯೂಯಾರ್ಕಿನ ಫಿಲ್ ಸ್ಯೂಲಿಂಗ್ ಎಂಬವರು ಪ್ರಕಾಶಕರೊಡನೆ ನೇರ ಒಪ್ಪಂದ ಮಾಡಿಕೊಂಡರು. ಅಂಗಡಿಯವರಿಗೆ ಹೆಚ್ಚಿನ ರಿಯಾಯಿತಿ, ಆದರೆ ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವಂತಿಲ್ಲ. ಹೀಗೆ ನಷ್ಟದ ಹೊಣೆ ಪ್ರಕಾಶಕರಿಂದ ಚಿಲ್ಲರೆ ವ್ಯಾಪಾರಿಯ ಹೆಗಲಿಗೆ ಬಂತು. ಪ್ರಕಾಶಕರಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಮತ್ತೊಂದಿರಲಿಲ್ಲ.

1982ರಲ್ಲಿ ಸ್ಟೀವ್ ಗೆಪ್ಪಿ ಅವರು ಸ್ಥಾಪಿಸಿದ ಡೈಮಂಡ್ ಸಂಸ್ಥೆ ಈ ಪದ್ಧತಿಯ ನೆರಳಿನಲ್ಲೇ ಬೆಳೆಯಿತು. 1994ರ ಕೊನೆಯಲ್ಲಿ ಮಾರ್ವೆಲ್ ಸಂಸ್ಥೆಯು ಹೀರೋಸ್ ವರ್ಲ್ಡ್ ಎಂಬ ವಿತರಕ ಸಂಸ್ಥೆಯನ್ನು ಕೊಂಡು, ತನ್ನ ಪುಸ್ತಕಗಳನ್ನು ಅದರ ಮೂಲಕವೇ ಮಾರಲು ಹೊರಟಿತು. ಇದನ್ನು ಕಂಡ ಡಿಸಿ, ಇಮೇಜ್, ಡಾರ್ಕ್ ಹಾರ್ಸ್ ಸಂಸ್ಥೆಗಳು ಡೈಮಂಡ್‌ನೊಡನೆ ಏಕಮಾತ್ರ ವಿತರಣೆಯ ಒಪ್ಪಂದ ಮಾಡಿಕೊಂಡವು. 1996ರಲ್ಲಿ ಪ್ರತಿಸ್ಪರ್ಧಿ ಕ್ಯಾಪಿಟಲ್ ಸಿಟಿ ಡೈಮಂಡ್‌ಗೇ ಮಾರಾಟವಾಯಿತು. 1997ರಲ್ಲಿ, ಪ್ರಯೋಗ ಕೈಕೊಟ್ಟ ಮಾರ್ವೆಲ್ ಕೂಡ ಅಲ್ಲಿಗೇ ಬಂದು ಸೇರಿತು. ಅಮೆರಿಕದ ನ್ಯಾಯ ಇಲಾಖೆ ಏಕಸ್ವಾಮ್ಯದ ಬಗ್ಗೆ ತನಿಖೆ ನಡೆಸಿ, 2000ದಲ್ಲಿ ಯಾವ ಕ್ರಮವನ್ನೂ ಕೈಗೊಳ್ಳದೆ ಕಡತವನ್ನು ಮುಚ್ಚಿತು.

ಬಿರುಕು ಕಾಣಿಸಿದ್ದು 2020ರಲ್ಲಿ. ಕೋವಿಡ್ ಕಾಲದಲ್ಲಿ ಡೈಮಂಡ್ ಹೊಸ ಪುಸ್ತಕಗಳ ರವಾನೆಯನ್ನು ಕೆಲವು ವಾರ ನಿಲ್ಲಿಸಿತು. ಪ್ರಕಾಶಕರಿಗೆ ಸಲ್ಲಬೇಕಾದ ಹಣವನ್ನೂ ತಡೆಹಿಡಿಯಿತು. ಅದೇ ವರ್ಷದ ಜೂನ್‌ನಲ್ಲಿ ಡಿಸಿ ಸಂಬಂಧ ಕಡಿದುಕೊಂಡಿತು. 2021ರ ಅಕ್ಟೋಬರ್‌ನಿಂದ ಮಾರ್ವೆಲ್‌ನ ವಿತರಣೆ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಪಾಲಾಯಿತು. 2023ರಲ್ಲಿ ಇಮೇಜ್ ಸಂಸ್ಥೆಯೂ ಲೂನಾರ್ ಎಂಬ ಹೊಸ ವಿತರಕರ ಕಡೆ ಹೋಯಿತು. ದೊಡ್ಡ ಗಿರಾಕಿಗಳಿಗಾಗಿ ಕಟ್ಟಿದ ಗೋದಾಮು, ಸಾಗಣೆ, ಸಿಬ್ಬಂದಿಯ ವೆಚ್ಚ ಹಾಗೆಯೇ ಉಳಿದು, ವಹಿವಾಟು ಮಾತ್ರ ಕರಗಿತು. ಬೇರೆಡೆಗೆ ಹೋಗುವ ಶಕ್ತಿಯಿಲ್ಲದ ಸಣ್ಣ ಪ್ರಕಾಶಕರು ಅಲ್ಲಿಯೇ ಉಳಿದರು.

ದಿವಾಳಿ ಪ್ರಕ್ರಿಯೆಯ ಹರಾಜಿನಲ್ಲಿ ಗೆದ್ದ ಅಲಯನ್ಸ್ ಎಂಟರ್‌ಟೈನ್‌ಮೆಂಟ್ ಹಿಂದೆ ಸರಿದ ಮೇಲೆ, 2025ರ ಮೇ ತಿಂಗಳಲ್ಲಿ ಆಸ್ತಿಗಳು ಯೂನಿವರ್ಸಲ್ ಡಿಸ್ಟ್ರಿಬ್ಯೂಷನ್ ಮತ್ತು ಆಡ್ ಪಾಪ್ಯುಲಮ್ ಎಂಬ ಇಬ್ಬರು ಖರೀದಿದಾರರಿಗೆ ಹಂಚಿಹೋದವು. ವರ್ತಕರು ಗಮನಿಸಬೇಕಾದ ಸಂಗತಿ ನಡೆದದ್ದು ಅದರ ನಂತರ. ಸಣ್ಣ ಪ್ರಕಾಶಕರ ಬಹಳಷ್ಟು ಪುಸ್ತಕಗಳು ಡೈಮಂಡ್‌ನ ಗೋದಾಮಿನಲ್ಲಿ ಕನ್ಸೈನ್‌ಮೆಂಟ್ ಸರಕಾಗಿ ಬಿದ್ದಿದ್ದವು: ಮಾಲೀಕತ್ವ ಪ್ರಕಾಶಕರದು, ಮಾರಾಟವಾದ ಮೇಲಷ್ಟೇ ಹಣ. ಜೂನ್‌ನಲ್ಲಿ ದಿವಾಳಿ ಸಂಸ್ಥೆಯು ಸುಮಾರು 128 ಪ್ರಕಾಶಕರ ಈ ದಾಸ್ತಾನನ್ನು ಮಾರಿ ಸಾಲದಾತರ ಬಾಕಿ ತೀರಿಸಲು ನ್ಯಾಯಾಲಯದ ಅನುಮತಿ ಬೇಡಿತು. ಮುಖ್ಯ ಸಾಲದಾತ ಜೆಪಿ ಮಾರ್ಗನ್ ಚೇಸ್ ಬ್ಯಾಂಕು. ಪ್ರಕಾಶಕರು ಒಟ್ಟಾಗಿ ಆಕ್ಷೇಪಣೆ ಸಲ್ಲಿಸಿದರು.

ತಮ್ಮದೇ ಸರಕನ್ನು ಕೇಳಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದುದೇಕೆ? ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ಪ್ರಕಾರ, ಹೀಗೆ ಸರಕು ಒಪ್ಪಿಸುವವನು ತನ್ನ ಹಕ್ಕನ್ನು ಸರ್ಕಾರಿ ದಾಖಲೆಯಲ್ಲಿ ನಮೂದಿಸಬೇಕು. ತಪ್ಪಿದರೆ, ಗೋದಾಮಿನ ಸಮಸ್ತ ದಾಸ್ತಾನಿನ ಮೇಲೆ ಸಾಲ ಕೊಟ್ಟ ಬ್ಯಾಂಕಿನ ಹಕ್ಕು ಮುಂದಾಗಬಹುದು. ನಮ್ಮ 2016ರ ದಿವಾಳಿ ಸಂಹಿತೆಯ 18ನೆಯ ಕಲಮಿನ ವಿವರಣೆಯು, ಕರಾರಿನ ಮೇರೆಗೆ ಸಾಲಗಾರನ ವಶದಲ್ಲಿರುವ ಮೂರನೆಯವರ ಸ್ವತ್ತನ್ನು ಅವನ ಆಸ್ತಿಯಿಂದ ಹೊರಗಿಟ್ಟಿದೆ. ಆದರೂ ಕರಾರಿನ ಕಾಗದ ಕೈಯಲ್ಲಿರಬೇಕಾದುದು ಅಗತ್ಯ.

ಇತ್ತ ಅಂಗಡಿಯವರ ಸ್ಥಿತಿಯೂ ಬದಲಾಗಿದೆ. ಹಿಂದೆ ಒಂದೇ ಪಟ್ಟಿ ನೋಡಿ ತಿಂಗಳ ಬೇಡಿಕೆಯನ್ನು ಕಳುಹಿಸುತ್ತಿದ್ದವರು ಈಗ ಲೂನಾರ್, ಪೆಂಗ್ವಿನ್ ರ‍್ಯಾಂಡಮ್ ಹೌಸ್, ಯೂನಿವರ್ಸಲ್ ಹೀಗೆ ಹಲವರ ಬಳಿ ಖಾತೆ ಇಡಬೇಕು. ಪ್ರತಿಯೊಬ್ಬರ ರಿಯಾಯಿತಿ ಬೇರೆ, ಸಾಗಣೆ ವೆಚ್ಚ ಬೇರೆ, ಹಣ ಪಾವತಿಯ ಗಡುವೂ ಬೇರೆ.