ಅರವತ್ತು ಅಂತಸ್ತಿನ ಎದುರು ವಂಗಾರಿ

ಕೀನ್ಯಾದ ರಾಜಧಾನಿ ನೈರೋಬಿಯ ನಟ್ಟನಡುವೆ ಉಹುರು ಪಾರ್ಕ್ ಇದೆ. 1989ರಲ್ಲಿ ಈ ಉದ್ಯಾನದೊಳಗೆ ಅರವತ್ತು ಅಂತಸ್ತಿನ ಕಟ್ಟಡ ಎಬ್ಬಿಸಲು ಅಲ್ಲಿನ ಸರ್ಕಾರ ತೀರ್ಮಾನಿಸಿತ್ತು. ಕಟ್ಟಿದ್ದರೆ ಆಫ್ರಿಕಾ ಖಂಡದಲ್ಲೇ ಅತಿ ಎತ್ತರದ್ದಾಗುತ್ತಿತ್ತು. ಆಳುವ ಕಾನು ಪಕ್ಷದ ಪತ್ರಿಕೆ ‘ಕೀನ್ಯಾ ಟೈಮ್ಸ್’ಗೆ ಅಲ್ಲಿ ಕಚೇರಿ, ದೊಡ್ಡ ಸಭಾಂಗಣ, ಅಂಗಡಿ ಮಳಿಗೆಗಳು, ಎರಡು ಸಾವಿರ ಕಾರು ನಿಲ್ಲಿಸುವ ಜಾಗ, ಜೊತೆಗೆ ಅಧ್ಯಕ್ಷ ಡೇನಿಯಲ್ ಅರಪ್ ಮೋಯಿ ಅವರ ಬೃಹತ್ ಪ್ರತಿಮೆ. ಬ್ರಿಟನ್ನಿನ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಪಾಲುದಾರ. ಅಂದಾಜು ವೆಚ್ಚ ಸುಮಾರು 20 ಕೋಟಿ ಡಾಲರ್, ಅದರಲ್ಲಿ ಬಹುಪಾಲು ಹೊರದೇಶದ ಸಾಲ.

ಆ ಕಟ್ಟಡ ಏಳಲೇ ಇಲ್ಲ. ಏಳದಂತೆ ತಡೆದವರು ವಂಗಾರಿ ಮಾಥಾಯ್.

ಪರಿಸರ ದಿನಾಚರಣೆಯ ಭಾಷಣಗಳಲ್ಲಿ ವಂಗಾರಿ ಹೆಸರು ನಮಗೂ ಪರಿಚಿತ. ಕೋಟಿಗಟ್ಟಲೆ ಗಿಡ ನೆಡಿಸಿದ ತಾಯಿ, ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಮಹಿಳೆ ಎಂದು ಹೇಳಿ, ಒಂದು ಸಸಿಗೆ ನೀರೆರೆದು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ಅವರ ಬದುಕಿನ ಅರ್ಧ ಭಾಗವನ್ನು ಹೀಗೆ ಅಳಿಸಿಹಾಕಿರುವುದು ನನಗೆ ಸಹಿಸಲಾಗದ ಸಂಗತಿ. ಗಿಡ ನೆಟ್ಟದ್ದಕ್ಕೆ ಅವರನ್ನು ಯಾರೂ ಹೊಡೆಯಲಿಲ್ಲ. ಈ ನೆಲ ಯಾರದ್ದು ಎಂದು ಕೇಳಿದಾಗ ಹೊಡೆದರು.

ವಂಗಾರಿ ಹುಟ್ಟಿದ್ದು 1940ರ ಏಪ್ರಿಲ್ 1ರಂದು, ಕೀನ್ಯಾದ ನಡುಗುಡ್ಡಗಾಡಿನ ನ್ಯೇರಿ ಸೀಮೆಯ ಇಹಿತೆ ಎಂಬ ಹಳ್ಳಿಯಲ್ಲಿ. ಮನೆಯ ಹತ್ತಿರ ಅತ್ತಿ ಜಾತಿಯ ದೊಡ್ಡದೊಂದು ಮರ. ಅದು ದೇವರ ಮರ, ಅದರಿಂದ ಒಂದು ಒಣ ಕಡ್ಡಿಯನ್ನೂ ಸೌದೆಗೆ ತರಬೇಡ ಎಂದು ತಾಯಿ ಕಟ್ಟಪ್ಪಣೆ ಮಾಡಿದ್ದರು. ಮರದ ಬುಡದಲ್ಲೇ ಒರತೆ. ಕಪ್ಪೆಯ ಮೊಟ್ಟೆಗಳನ್ನು ಮಣಿಸರವೆಂದುಕೊಂಡು ಎತ್ತಲು ಹೋಗುತ್ತಿದ್ದದ್ದು ಆ ನೀರಿನಲ್ಲೇ. 1960ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್‌ನಲ್ಲಿ ಜೀವಶಾಸ್ತ್ರದ ಪದವಿ, ಪಿಟ್ಸ್‌ಬರ್ಗಿನಲ್ಲಿ ಸ್ನಾತಕೋತ್ತರ ಪದವಿ. 1971ರಲ್ಲಿ ನೈರೋಬಿಯಲ್ಲಿ ಪಶುವೈದ್ಯ ಅಂಗರಚನಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಾಗ ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲೇ ಆ ಪದವಿ ಪಡೆದ ಮೊದಲ ಹೆಣ್ಣುಮಗಳು ಅವರಾಗಿದ್ದರು. ಓದು ಮುಗಿಸಿ ಊರಿಗೆ ಬಂದು ನೋಡಿದರೆ ಜಮೀನಿನ ಹೊಸ ಯಜಮಾನ ಚಹಾ ಬೆಳೆಯಲೆಂದು ಆ ಅತ್ತಿಮರವನ್ನು ಕಡಿಸಿದ್ದ. ಒರತೆ ಬತ್ತಿತ್ತು.

ಹಳ್ಳಿಯ ಹೆಂಗಸರ ದೂರುಗಳೂ ಅದೇ ಆಗಿದ್ದವು. ಸೌದೆಗೆ ಮೈಲಿಗಟ್ಟಲೆ ನಡೆಯಬೇಕು, ಹೊಳೆಯಲ್ಲಿ ನೀರಿಲ್ಲ, ಸೌದೆ ಸಾಲದೆ ಬೇಗ ಬೇಯುವ ಸತ್ವವಿಲ್ಲದ ಆಹಾರವನ್ನೇ ಮಕ್ಕಳಿಗೆ ಕೊಡಬೇಕು. ಹಾಗಾದರೆ ಮರ ಬೆಳೆಸೋಣ ಎಂದರು ವಂಗಾರಿ. 1977ರ ಜೂನ್ 5ರಂದು ರಾಷ್ಟ್ರೀಯ ಮಹಿಳಾ ಪರಿಷತ್ತಿನ ಆಶ್ರಯದಲ್ಲಿ ನೈರೋಬಿಯ ಕಮುಕುಂಜಿಯಲ್ಲಿ ಏಳು ಗಿಡ ನೆಟ್ಟರು. ‘ಗ್ರೀನ್ ಬೆಲ್ಟ್’ ಚಳವಳಿಯ ಹುಟ್ಟು ಅದು. ಆ ಏಳರಲ್ಲಿ ಬದುಕಿದ್ದು ಎರಡೇ.

ಮುಂದಿನ ಲೆಕ್ಕಾಚಾರವೆಲ್ಲ ಬದುಕಿದ ಗಿಡದ್ದೇ. ನೆಟ್ಟ ಸಸಿಗೆ ದುಡ್ಡಿಲ್ಲ, ನೆಟ್ಟು ಉಳಿಸಿದ ಸಸಿಗೆ ತಲಾ ಇಷ್ಟು ಸೆಂಟ್ ಎಂದು ಹೆಂಗಸರ ಗುಂಪುಗಳಿಗೆ ಗೊತ್ತುಮಾಡಿದರು. ಸಸಿ ಬೆಳೆಸಲು ತರಬೇತಿ ಬೇಕು, ಡಿಪ್ಲೊಮಾ ಬೇಕು ಎಂದು ಅರಣ್ಯ ಇಲಾಖೆಯವರು ತಲೆಯಾಡಿಸಿದರು. ಬೀಜ ಬಿತ್ತಿ ಬೆಳೆ ತೆಗೆಯುವ ರೈತ ಹೆಂಗಸಿಗೆ ಇದ್ಯಾವ ವಿದ್ಯೆ ಎಂದುಕೊಂಡು ವಂಗಾರಿ ಮುಂದುವರಿದರು. ಒಡೆದ ಮಡಕೆ, ಹಳೆಯ ಡಬ್ಬ, ಸಿಕ್ಕಿದ್ದರಲ್ಲೆಲ್ಲ ಸಸಿ ಎದ್ದವು. ಕನಿಷ್ಠ ಸಾವಿರ ಸಸಿಗಳ ಸಾಲು ಒಂದು ಪಟ್ಟಿ. ಹೀಗೆ ಹತ್ತು ವರ್ಷ ಕಳೆಯಿತು. ಸರ್ಕಾರಕ್ಕೂ ಇದರಿಂದ ತೊಂದರೆಯಿರಲಿಲ್ಲ. ಹೊರದೇಶದ ಪ್ರಶಸ್ತಿಗಳು ಬಂದಾಗ ಅದಕ್ಕೂ ಹೆಮ್ಮೆಯೇ.

ಎಲ್ಲ ಕೆಟ್ಟಿದ್ದು ಉಹುರು ಪಾರ್ಕಿನಿಂದ. ಕಟ್ಟಡದ ಯೋಜನೆ ಇನ್ನೂ ಗುಟ್ಟಾಗಿದ್ದಾಗಲೇ ಕಾನೂನು ವಿದ್ಯಾರ್ಥಿಯೊಬ್ಬರು ವಂಗಾರಿಗೆ ಸುದ್ದಿ ಮುಟ್ಟಿಸಿದರು. ಕಿಕ್ಕಿರಿದ ಆ ಊರಿನಲ್ಲಿ ಮನೆಗೆ ಅಂಗಳವೇ ಇಲ್ಲದ ಬಡವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಬಂದು ಹುಲ್ಲಿನ ಮೇಲೆ ಕೂರುತ್ತಿದ್ದ ಜಾಗ ಅದು. ಅಕ್ಟೋಬರ್ ಮೊದಲ ವಾರದಿಂದ ವಂಗಾರಿ ಕಾಗದ ಬರೆಯತೊಡಗಿದರು. ಕೀನ್ಯಾ ಟೈಮ್ಸ್‌ನ ಮುಖ್ಯಸ್ಥರಿಗೆ, ಅಧ್ಯಕ್ಷರ ಕಚೇರಿಗೆ, ನಗರಾಡಳಿತಕ್ಕೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮಕ್ಕೆ, ಯುನೆಸ್ಕೊಗೆ, ಬ್ರಿಟನ್ನಿನ ಹೈಕಮಿಷನರ್‌ಗೆ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇಂಥದೊಂದು ಕಟ್ಟಡ ಕಟ್ಟಲು ಬಿಡುತ್ತೀರಾ ಎಂಬುದು ಅವರ ಪ್ರಶ್ನೆ. ಆ ಕಾಗದಗಳ ಪ್ರತಿಗಳನ್ನು ಪತ್ರಿಕೆಗಳಿಗೂ ಕೊಟ್ಟರು. ಏಕಪಕ್ಷದ ಆಡಳಿತದಲ್ಲಿ ಬಾಯಿ ಬಿಡಲು ಅಂಜುತ್ತಿದ್ದ ಜನ ಸಂಪಾದಕರಿಗೆ ಪತ್ರ ಬರೆದು ತಮ್ಮ ಉದ್ಯಾನದ ಪರವಾಗಿ ಮಾತನಾಡತೊಡಗಿದರು.

ಸರ್ಕಾರದಿಂದ ವಂಗಾರಿಗೆ ನೇರ ಉತ್ತರ ಬರಲಿಲ್ಲ. ನವೆಂಬರ್ 8ರಂದು ಸಂಸತ್ತು ಕಲಾಪ ಬದಿಗಿಟ್ಟು ಅವರ ಮೇಲೆ ಮುಗಿಬಿತ್ತು. ಗ್ರೀನ್ ಬೆಲ್ಟ್ ಚಳವಳಿ ಗಂಡ ಬಿಟ್ಟವರ ಗುಂಪು ಎಂದು ಜನಪ್ರತಿನಿಧಿಗಳು ಜರೆದರು. 1979ರಲ್ಲಿ ವಂಗಾರಿಗೆ ವಿಚ್ಛೇದನವಾಗಿತ್ತು. ಹತ್ತು ವರ್ಷದ ಆ ಹಳೆಯ ನೋವನ್ನು ಕೆದಕುವುದಕ್ಕೂ ಉದ್ಯಾನದ ಪ್ರಶ್ನೆಗೂ ಏನು ಸಂಬಂಧ? ಡಿಸೆಂಬರಿನ ಭಾಷಣದಲ್ಲಿ ಅಧ್ಯಕ್ಷ ಮೋಯಿ ಸ್ವತಃ, ಆಫ್ರಿಕನ್ ಸಂಪ್ರದಾಯದ ಹೆಣ್ಣು ಗಂಡಸರಿಗೆ ಗೌರವ ಕೊಟ್ಟು ಸುಮ್ಮನಿರಬೇಕು ಎಂಬರ್ಥದ ಮಾತಾಡಿದರು. ಚಳವಳಿಯ ಕಚೇರಿ ವರ್ಷಗಳಿಂದ ಇದ್ದ ಸರ್ಕಾರಿ ಕಟ್ಟಡವನ್ನು 24 ಗಂಟೆಯಲ್ಲಿ ತೆರವು ಮಾಡಲು ಹೇಳಿದರು. ಬೇರೆ ಯಾರೂ ಬಾಡಿಗೆಗೆ ಜಾಗ ಕೊಡಲು ಮುಂದಾಗಲಿಲ್ಲ. ಕಚೇರಿಯೆಲ್ಲ ವಂಗಾರಿಯವರ ಪುಟ್ಟ ಮನೆಗೆ ಬಂತು.

ನನ್ನ ಮಟ್ಟಿಗೆ ಈ ಇಡೀ ಜಗಳದ ತಿರುಳಿರುವುದು ನ್ಯಾಯಾಲಯದಲ್ಲಿ. ಕಟ್ಟಡಕ್ಕೆ ತಡೆಯಾಜ್ಞೆ ಕೋರಿ ವಂಗಾರಿ ಹೈಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು. ಉದ್ಯಾನ ಸಾರ್ವಜನಿಕರದ್ದು, ಈಕೆಗೆ ಸ್ವಂತ ನಷ್ಟವೇನೂ ಇಲ್ಲ, ಆದ್ದರಿಂದ ದಾವೆ ಹೂಡುವ ಹಕ್ಕಿಲ್ಲ ಎಂಬುದು ತೀರ್ಪು. ಸಾರ್ವಜನಿಕರ ಪರ ಬರಬೇಕಾದವರು ಅಟಾರ್ನಿ ಜನರಲ್, ಅಂದರೆ ಸರ್ಕಾರದ್ದೇ ವಕೀಲ! ಎಲ್ಲರಿಗೂ ಸೇರಿದ್ದನ್ನು ಕಸಿದರೆ ಯಾರೂ ಕೇಳುವಂತಿಲ್ಲ ಎಂದಾಯಿತು. ಅದೇ ಕಾಲದಲ್ಲಿ ಕರ್ನಾಟಕದ ಸಾರ್ವಜನಿಕ ಭೂಮಿಯನ್ನು ನೀಲಗಿರಿ ತೋಪುಗಳಿಗೆ ಕೊಟ್ಟದ್ದನ್ನು ಪ್ರಶ್ನಿಸಿ ಶಿವರಾಮ ಕಾರಂತರು ಮತ್ತು ಅವರ ಸಂಗಾತಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಅಷ್ಟರಲ್ಲಾಗಲೇ ನಮ್ಮಲ್ಲಿ ರೂಢಿಗೆ ಬಂದಿದ್ದರಿಂದ ಅವರನ್ನು ಬಾಗಿಲಲ್ಲೇ ತಡೆಯಲಿಲ್ಲ. ವಂಗಾರಿಗೆ ಆ ಬಾಗಿಲೇ ಇರಲಿಲ್ಲ.

ನ್ಯಾಯಾಲಯದಲ್ಲಿ ಸೋತ ಪ್ರಕರಣವನ್ನು ಕಾಗದಗಳೇ ಗೆದ್ದವು. ಸಾಲದ ಹೊರೆಯಲ್ಲಿರುವ ದೇಶಕ್ಕೆ ಇಂಥ ಕಟ್ಟಡ ಏಕೆ ಎಂದು ಹಣ ಕೊಡುವ ದೇಶಗಳೂ ವಿಶ್ವಬ್ಯಾಂಕೂ ಪ್ರಶ್ನಿಸತೊಡಗಿದವು. 1990ರ ಆರಂಭದಲ್ಲಿ ಯೋಜನೆಯನ್ನು ಕಿರಿದುಗೊಳಿಸುವುದಾಗಿ ಸರ್ಕಾರ ಹೇಳಿತು. ಆಮೇಲೆ ಸದ್ದಡಗಿತು. 1992ರ ಫೆಬ್ರುವರಿಯಲ್ಲಿ ಕಾಮಗಾರಿಯ ಬೇಲಿ ಕಿತ್ತರು.

ಅದೇ ತಿಂಗಳ ಕೊನೆಗೆ, ರಾಜಕೀಯ ಕೈದಿಗಳ ತಾಯಂದಿರು ಮಕ್ಕಳ ಬಿಡುಗಡೆಗಾಗಿ ಉಪವಾಸ ಕೂತದ್ದು ಇದೇ ಉದ್ಯಾನದ ಒಂದು ಮೂಲೆಯಲ್ಲಿ. ವಂಗಾರಿ ಅವರ ಜೊತೆಗಿದ್ದರು. ಮಾರ್ಚ್ 3ರಂದು ಪೊಲೀಸರು ಅಶ್ರುವಾಯು ಸಿಡಿಸಿ ಲಾಠಿ ಬೀಸಿದರು. ವಂಗಾರಿ ಪ್ರಜ್ಞೆ ತಪ್ಪಿ ಬಿದ್ದರು. ಕೆಲವು ತಾಯಂದಿರು ಮೈಮೇಲಿನ ಬಟ್ಟೆ ಕಿತ್ತೆಸೆದರು. ಅಲ್ಲಿನ ನಂಬಿಕೆಯಲ್ಲಿ ಅದು ಮಕ್ಕಳ ವಯಸ್ಸಿನ ಗಂಡಸರಿಗೆ ತಾಯಿ ಹಾಕುವ ಘೋರ ಶಾಪ. ಅಲ್ಲಿಂದ ಓಡಿಸಿದ ಮೇಲೆ ಪಕ್ಕದ ಚರ್ಚಿನೊಳಗೆ ಹೋರಾಟ ಮುಂದುವರಿಯಿತು. ವರ್ಷ ಕಳೆಯುವ ಹೊತ್ತಿಗೆ ಹೆಚ್ಚಿನ ಮಕ್ಕಳು ಹೊರಬಂದರು.

ಮುಂದೆ ಕರುರಾ ಕಾಡು. ನೈರೋಬಿಯ ಅಂಚಿನ ಸುಮಾರು ಸಾವಿರ ಹೆಕ್ಟೇರಿನ ಈ ಕಾಡನ್ನು ಆಳುವವರಿಗೆ ಬೇಕಾದವರಿಗೆ ಹಂಚತೊಡಗಿದ್ದರು. 1999ರ ಜನವರಿ 8ರಂದು ಅಲ್ಲಿಗೆ ಗಿಡ ನೆಡಲು ಹೋದ ವಂಗಾರಿಯವರ ತಲೆ ಒಡೆದರು. ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿ, ತಲೆಯಿಂದ ಸುರಿಯುತ್ತಿದ್ದ ರಕ್ತದಿಂದಲೇ ಅವರು ಸಹಿ ಹಾಕಿದರು. ಸಾರ್ವಜನಿಕ ಭೂಮಿಯ ಹಂಚಿಕೆಗೆ ಅದೇ ವರ್ಷ ತಡೆ ಬಿತ್ತು. ಕರುರಾ ಉಳಿಯಿತು.

ನಂತರದ್ದು ಎಲ್ಲರಿಗೂ ಗೊತ್ತಿರುವ ಕಥೆ. 2002ರಲ್ಲಿ ಸಂಸತ್ ಸದಸ್ಯೆ, ಮರುವರ್ಷ ಪರಿಸರ ಖಾತೆಯ ಸಹಾಯಕ ಸಚಿವೆ, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. 2011ರ ಸೆಪ್ಟೆಂಬರ್ 25ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ತನ್ನ ಶವಪೆಟ್ಟಿಗೆಗಾಗಿ ಮರ ಕಡಿಯಬಾರದು ಎಂದಿದ್ದರು. ಬಿದಿರು, ಜಂಬು ಹುಲ್ಲು, ಅಂತರಗಂಗೆ ಕಳೆಯಿಂದ ಹೆಣೆದ ಪೆಟ್ಟಿಗೆಯಲ್ಲಿ ಅವರನ್ನು ಕೊಂಡೊಯ್ದರು.

ಅದಕ್ಕೂ ಒಂದು ವರ್ಷ ಮೊದಲು ನಡೆದದ್ದನ್ನು ಪರಿಸರ ದಿನದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. 2010ರ ಆಗಸ್ಟ್ 27ರಂದು ಕೀನ್ಯಾ ತನ್ನ ಹೊಸ ಸಂವಿಧಾನವನ್ನು ಜಾರಿಗೆ ತಂದ ಸಮಾರಂಭ ನಡೆದದ್ದು ಉಹುರು ಪಾರ್ಕಿನಲ್ಲಿ. ಅರವತ್ತು ಅಂತಸ್ತು ಎದ್ದಿದ್ದರೆ ಅಷ್ಟು ಜನ ನಿಲ್ಲಲು ಅಲ್ಲಿ ಬಯಲು ಇರುತ್ತಿತ್ತೇ? ಶುದ್ಧ ಪರಿಸರ ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ ಅದರ 42ನೇ ವಿಧಿ. ಆ ಹಕ್ಕಿಗಾಗಿ ನ್ಯಾಯಾಲಯಕ್ಕೆ ಬಂದವರು ಯಾರಿಗೆ ಏನು ನಷ್ಟವಾಯಿತೆಂದು ಸಾಬೀತುಪಡಿಸಬೇಕಾಗಿಲ್ಲ ಎನ್ನುತ್ತದೆ 70ನೇ ವಿಧಿ. 1989ರಲ್ಲಿ ವಂಗಾರಿಯನ್ನು ಹಿಂದಕ್ಕೆ ಕಳಿಸಿದ ಮಾತನ್ನು ಇನ್ನು ಆ ದೇಶದ ಯಾವ ನ್ಯಾಯಾಲಯವೂ ಆಡುವಂತಿಲ್ಲ.

ಆದ್ದರಿಂದ ಮುಂದಿನ ಜೂನ್ 5ರಂದು ಶಾಲೆಗಳಲ್ಲಿ ವಂಗಾರಿಯ ಹೆಸರು ಹೇಳುವಾಗ ಮಕ್ಕಳ ಕೈಗೆ ಸಸಿಯ ಜೊತೆ ಒಂದು ಖಾಲಿ ಕಾಗದವನ್ನೂ ಕೊಡಿ. ತಮ್ಮ ಊರಿನ ಕೆರೆ, ಗೋಮಾಳ, ಆಟದ ಬಯಲು ಈಗ ಯಾರ ಸುಪರ್ದಿನಲ್ಲಿದೆ ಎಂದು ಕೇಳಿ ಪಂಚಾಯಿತಿಗೋ ಪಾಲಿಕೆಗೋ ಅವರು ಪತ್ರ ಬರೆಯಲಿ. ನೆಡುವ ಗಿಡಕ್ಕೆ ಮೊದಲು ನೆಲ ಉಳಿಯಬೇಕು.